ಬಸವನಗುಡಿಯನ್ನು ಸಮುದ್ರಕ್ಕಿಳಿಸಿದ ತಿದ್ದುಪಡಿ

ನಮ್ಮ ಸಂಸ್ಥೆಯ ಉಪಕರಣ ಪರಿಶೀಲನಾ ಸಮಿತಿಯು ಸರಿಯಾಗಿ ಕೆಲಸ ಮಾಡುತ್ತಿದ್ದ ಯಂತ್ರವೊಂದನ್ನು ಕೆಟ್ಟಿದೆ ಎಂದು ಬರೆದುಕೊಟ್ಟಿತು. ಹಾಗೆ ಬರೆಯುವ ಮೊದಲು ಆ ಯಂತ್ರವಿರುವ ಕೋಣೆಯ ಮೆಟ್ಟಿಲನ್ನು ಸಮಿತಿಯ ಒಬ್ಬ ಸದಸ್ಯರೂ ಹತ್ತಲಿಲ್ಲ. ಯಂತ್ರದ ಲೆಕ್ಕವನ್ನು ಕೆಡಿಸಿದ್ದು ಸಂಸ್ಥೆಯದೇ ಆಡಳಿತ, ಅದೂ ಹೊರಗಿನಿಂದ ಬರುವ ಅತಿಥಿಗಳ ಕಣ್ಣಿಗೆ ಎಲ್ಲವೂ ಸರಿಯಾಗಿ ಕಾಣಲೆಂದು. ತಪ್ಪು ಬೆಳಕಿಗೆ ಬಂದ ಮೇಲೂ ಆ ವರದಿ ಒಂದಕ್ಷರವೂ ಬದಲಾಗದೆ ಉಳಿದಿದೆ. ಇದು ನನ್ನ ಆರೋಪ. ಇದನ್ನು ಸಾಬೀತುಪಡಿಸಲು ನನಗೆ ಒಂದು ಬೇಸಿಗೆ ಬೇಕಾಯಿತು. ಆ ಬೇಸಿಗೆಯಲ್ಲಿ ನನ್ನ ಜೊತೆ ನಿಂತವರ ಋಣ ದೊಡ್ಡದು. ಸಿಟ್ಟಿನಿಂದ ಬರೆಯಲು ಕುಳಿತ ಈ ಕಥನ ಹೆಚ್ಚಾಗಿ ಅವರದೇ ಆಗಿದ್ದರೆ ಓದುಗರು ಮನ್ನಿಸಬೇಕು.

ಯಂತ್ರವೆಂದರೆ ಮ್ಯೂಯಾನ್ ಎಣಿಸುವ ಯಂತ್ರ. ಬಾಹ್ಯಾಕಾಶದಿಂದ ಬರುವ ಕಣಗಳು ನಮ್ಮ ವಾಯುಮಂಡಲದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ, ಕ್ಷಣಮಾತ್ರ ಬಾಳುವ ಕಣಗಳೇ ಮ್ಯೂಯಾನ್‌ಗಳು. ಅಂಗೈ ಚಾಚಿ ನಿಂತರೆ ಸರಿಸುಮಾರು ಸೆಕೆಂಡಿಗೊಂದರಂತೆ ಅದರ ಮೂಲಕ ಹಾದುಹೋಗುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ಬಸವನಗುಡಿಯ ನಮ್ಮ ಹಳೆಯ ಕಲ್ಲುಕಟ್ಟಡದ ಕೊನೆಯ ಮಹಡಿಯಲ್ಲಿ, ತಾರಸಿಯ ಕೆಳಗಿನ ಕೋಣೆಯಲ್ಲಿ, ಕಪ್ಪು ಹಾಳೆ ಸುತ್ತಿದ ಪ್ಲಾಸ್ಟಿಕ್ ಫಲಕಗಳ ಎರಡು ತಟ್ಟೆಗಳಿವೆ, ಒಂದರ ಮೇಲೊಂದು. ಮ್ಯೂಯಾನ್ ಹಾದುಹೋದಾಗ ಎರಡೂ ತಟ್ಟೆಗಳಲ್ಲಿ ಒಮ್ಮೆಗೇ ಸಣ್ಣ ಮಿಂಚು ಮೂಡುತ್ತದೆ, ಫಲಕಕ್ಕೆ ಜೋಡಿಸಿದ ನಳಿಕೆ ಆ ಮಿಂಚನ್ನು ವಿದ್ಯುತ್ತಾಗಿ ಹಿಗ್ಗಿಸುತ್ತದೆ, ಗಣಕ ಒಂದೆಂದು ಎಣಿಸುತ್ತದೆ. ಇದನ್ನು ಕಟ್ಟಿದವರು ನನ್ನ ಮಾರ್ಗದರ್ಶಕಿ. ನಾವೆಲ್ಲ ಅವರನ್ನು ಬರೀ ಮೇಡಂ ಎನ್ನುತ್ತೇವೆ. ಫಲಕಗಳನ್ನು ಉಜ್ಜಿ ಹೊಳಪು ಕೊಟ್ಟಿದ್ದು ಅವರ ಕೈ, ಕಪ್ಪು ಹಾಳೆ ಸುತ್ತಿದ್ದು ಅವರ ಕೈ. ಅವರ ನಿವೃತ್ತಿ ಹತ್ತಿರ ಬಂದಿದೆ.

ಇಂಥ ಎಣಿಕೆಯಲ್ಲಿ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಂದು ಹೆಜ್ಜೆಯೂ ಮುಂದಿಡಲಾಗದು. ಗಾಳಿಯ ಒತ್ತಡವೆಂದರೆ ನಮ್ಮ ತಲೆಯ ಮೇಲಿರುವ ಗಾಳಿಯ ಭಾರ. ಭಾರ ಹೆಚ್ಚಾದರೆ ಮ್ಯೂಯಾನ್‌ಗಳು ದಾಟಬೇಕಾದ ಹೊದಿಕೆ ದಪ್ಪವಾಗುತ್ತದೆ, ಕೆಳಗೆ ತಲುಪುವವು ಕಡಿಮೆಯಾಗುತ್ತವೆ. ಒತ್ತಡ ಇಳಿದರೆ ಎಣಿಕೆ ಏರುತ್ತದೆ. ನಮ್ಮ ಊರಿನಲ್ಲಿ ಈ ಏರಿಳಿತ ದಿನನಿತ್ಯದ್ದು: ಬೆಳಗಿನ ತಿಂಡಿಯ ಹೊತ್ತು ಕಳೆದ ಮೇಲೆ ಒತ್ತಡ ತುದಿ ಮುಟ್ಟುತ್ತದೆ, ಸಂಜೆಯ ಕಾಫಿಯ ಹೊತ್ತಿಗೆ ತಳಕ್ಕಿಳಿಯುತ್ತದೆ. ಆದ್ದರಿಂದ ಪ್ರತಿ ಗಂಟೆಯ ಎಣಿಕೆಯಿಂದ ಆ ಗಂಟೆಯ ಒತ್ತಡದ ಪ್ರಭಾವವನ್ನು ಕಳೆಯಬೇಕು. ಕಳೆದ ಮೇಲೆ ಉಳಿಯುವ ಗೆರೆಯಲ್ಲಿ ಬಾಹ್ಯಾಕಾಶದ ಸುದ್ದಿ ಇರುತ್ತದೆ. ಸೂರ್ಯನಲ್ಲಿ ಏನಾದರೂ ಸಿಡಿದರೆ ಅದೂ ಅಲ್ಲಿ ಕಾಣುತ್ತದೆ. ಈ ಕಳೆಯುವ ಕ್ರಿಯೆಗೆ ನಮ್ಮ ಕೆಲಸದಲ್ಲಿ ಒಂದೇ ಹೆಸರು: ತಿದ್ದುಪಡಿ.

ಒತ್ತಡ ಅಳೆಯಲು ತಾರಸಿಯ ಮೇಲೆ ನಮ್ಮದೇ ಒಂದು ಸಂವೇದಕವಿತ್ತು, ಬಿಳಿ ಡಬ್ಬದೊಳಗೆ. ಮಳೆಗಾಲ ಮುಗಿದ ಮೇಲೆ ತಾರಸಿಗೆ ಸೋರದಂತೆ ಲೇಪ ಹಾಕಿಸಿದಾಗ ಡಬ್ಬವನ್ನು ಕಿತ್ತರು. ಕಿತ್ತದ್ದು ಮತ್ತೆ ಸಿಗಲಿಲ್ಲ. ಹೊಸದು ಬೇಕೆಂದು ಮೇಡಂ ಕೇಳಿದ್ದಕ್ಕೆ ಬಂದ ಉತ್ತರ ಹೀಗಿತ್ತು: ಸಂಸ್ಥೆಯ ಪ್ರವೇಶ ಮಂಟಪದಲ್ಲೇ ಹವಾಮಾನ ಕೇಂದ್ರದ ಪರದೆ ಇರುವಾಗ ಇನ್ನೊಂದು ಏಕೆ? ಪರದೆಯಲ್ಲಿ ಕಾಣುವ ಅಂಕಿಗಳೇ ಗಂಟೆಗೊಮ್ಮೆ ಗಣಕಕ್ಕೂ ಹೋಗುತ್ತವೆ, ಅವನ್ನೇ ಬಳಸಿ. ಬಳಸಿದೆವು. ಚಳಿಗಾಲ ಕಳೆಯುವವರೆಗೆ ಯಾವ ತೊಂದರೆಯೂ ಎದ್ದು ಕಾಣಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಬಲಿತಂತೆ ತಿದ್ದಿದ ಗೆರೆ ಪ್ರತಿ ಮಧ್ಯಾಹ್ನ ಕುಸಿಯತೊಡಗಿತು. ಕುಸಿತ ಶೇಕಡಾ ಅರ್ಧದಷ್ಟೂ ಇರಲಿಲ್ಲ. ಆದರೆ ನಾವು ಹುಡುಕುವ ಸಂಗತಿಗಳೂ ಅದೇ ಗಾತ್ರದವು. ಮೊದಲು ನಾನು ಇದನ್ನು ನಿಜವಾದ ವಾಯುಮಂಡಲ ಪರಿಣಾಮವೆಂದೇ ತಿಳಿದೆ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ಮ್ಯೂಯಾನ್‌ಗಳು ಇನ್ನೂ ಎತ್ತರದಲ್ಲಿ ಹುಟ್ಟುತ್ತವೆ, ದಾರಿ ದೂರವಾಗಿ ಕೆಲವು ನೆಲ ಸೇರುವ ಮೊದಲೇ ಅಳಿಯುತ್ತವೆ. ಮೇಡಂ ಗೆರೆಯನ್ನು ನೋಡಿ ತಲೆಯಾಡಿಸಿದರು.

"ಅದು ಋತುವಿನ ಆಟ ಕಣೇ. ಬಿಸಿಲಿಗೆ ನಮ್ಮ ತಾರಸಿ ಕಾಯತ್ತೆ, ಅಷ್ಟು ಮೇಲಿರೋ ಗಾಳಿ ಒಂದು ಮಧ್ಯಾಹ್ನದಲ್ಲಿ ಇಷ್ಟೊಂದು ಕಾಯಲ್ಲ. ಇದು ಬೇರೆ ಏನೋ."

ಬೇರೆ ಏನು? ಅನುಮಾನ ನಳಿಕೆಗಳ ಮೇಲೆ ಬಿತ್ತು. ಬಿಸಿಗೆ ಅವುಗಳ ಹಿಗ್ಗಿಸುವ ಶಕ್ತಿ ಕುಂದುವುದುಂಟು. ತಟ್ಟೆಗಳ ಸುತ್ತ ಥರ್ಮೋಕೋಲ್ ಕಟ್ಟಿದೆವು. ಮೇಲಿನ ತಟ್ಟೆಯನ್ನು ಕೆಳಗೂ ಕೆಳಗಿನದನ್ನು ಮೇಲಕ್ಕೂ ಬದಲಿಸಿದೆವು. ನಳಿಕೆಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯನ್ನು ಬೇರೆ ಪ್ರಯೋಗಾಲಯದಿಂದ ಎರವಲು ತಂದು ಅದಲುಬದಲು ಮಾಡಿದೆವು. ಕುಸಿತ ಜಗ್ಗಲಿಲ್ಲ. ಕೋಣೆಯನ್ನೇ ತಣ್ಣಗಿಡೋಣವೆಂದರೆ ಹವಾನಿಯಂತ್ರಣದ ಕೋರಿಕೆ ಯಾವುದೋ ಮೇಜಿನ ಮೇಲೆ ಮಲಗಿತ್ತು.

ಆಗ ನೆರವಾದದ್ದು ನನ್ನ ಮನೆ. ಗಾಂಧಿ ಬಜಾರಿನಲ್ಲಿ ನಮ್ಮದು ತರಕಾರಿ ಅಂಗಡಿ. ಬೇಸಿಗೆಯಲ್ಲಿ ಸೊಪ್ಪು ಬಾಡದಿರಲು ಅಪ್ಪ ಒದ್ದೆ ಗೋಣಿಚೀಲ ಹೊದಿಸುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಕೋಣೆಯ ಕಿಟಕಿಗಳಿಗೆ ಕಟ್ಟಲು ಚೀಲ ಬೇಕೆಂದಾಗ ಅಪ್ಪ ತಕ್ಕಡಿಯಿಂದ ಕಣ್ಣೆತ್ತದೆ ಕೇಳಿದರು.

"ಆಕಾಶದಿಂದ ಬೀಳೋದನ್ನ ಎಣಿಸ್ತೀನಿ ಅಂತೀಯ. ಅದಕ್ಕೂ ಬಾಡೋ ರೋಗ ಇದ್ಯೇನೇ?"

"ಎಣಿಸೋ ಮಷಿನ್‌ಗೆ ಸೆಕೆ ಅಪ್ಪಾ."

"ಹಂಗಾದ್ರೆ ಆಲೂಗಡ್ಡೆ ಚೀಲ ಬೇಡ, ಮಣ್ಣು ಉದುರತ್ತೆ. ಕೊತ್ತಂಬರಿ ಚೀಲ ತಗೊಂಡ್ಹೋಗು. ನಿಮ್ಮ ರೂಮಾದ್ರೂ ಘಮ್ಮನ್ನಲಿ."

ಚೀಲಗಳನ್ನು ಕಟ್ಟಿ ಹಗಲಿಡೀ ನೀರು ಚಿಮುಕಿಸಿದೆವು. ಕೋಣೆಯ ಉಷ್ಣಮಾಪಕ ನಿಜಕ್ಕೂ ತಣ್ಣಗಾಯಿತು, ಕೋಣೆಗೆ ಕೊತ್ತಂಬರಿಯ ವಾಸನೆಯೂ ಬಂತು. ಮಧ್ಯಾಹ್ನದ ಕುಸಿತ ಮಾತ್ರ ಇದ್ದಷ್ಟೇ ಇತ್ತು. ಆ ಚೀಲಗಳು ಆಗಲೇ ಅರ್ಧ ಉತ್ತರ ಹೇಳಿದ್ದವು. ಅದನ್ನು ಕೇಳಿಸಿಕೊಳ್ಳಲು ನನಗೆ ಇನ್ನೂ ಸಮಯ ಬೇಕಿತ್ತು.

ಸಮಿತಿಗೆ ಅಷ್ಟು ತಾಳ್ಮೆ ಇರಲಿಲ್ಲ. ವಾರ್ಷಿಕ ಪರಿಶೀಲನೆಗೆಂದು ನಾವು ಕಳಿಸಿದ ಕಾಗದಗಳಲ್ಲಿ ಮಧ್ಯಾಹ್ನದ ಕುಸಿತದ ಚಿತ್ರವೂ ಇತ್ತು, ಕಾರಣ ಹುಡುಕುತ್ತಿದ್ದೇವೆ ಎಂಬ ಸಾಲೂ ಇತ್ತು. ಸಮಿತಿ ಚಿತ್ರವನ್ನು ನೋಡಿತು, ಸಾಲನ್ನು ಬಿಟ್ಟಿತು. ವರದಿಯಲ್ಲಿ ಹೀಗೆ ಬಂತು: ಉಪಕರಣವು ತಾಪಕ್ಕೆ ಗುರಿಯಾಗುವ ದೋಷವನ್ನು ಹೊಂದಿದ್ದು ಅದರ ಮಾಪನಗಳು ವಿಶ್ವಾಸಾರ್ಹವಲ್ಲ, ಶೈಕ್ಷಣಿಕ ಅವಧಿಯ ಕೊನೆಗೆ ಅದನ್ನು ಕಳಚಿ ಕೋಣೆಯನ್ನು ಬೇರೆ ಉಪಯೋಗಕ್ಕೆ ಬಿಟ್ಟುಕೊಡತಕ್ಕದ್ದು. ಮೇಡಂ ಅದನ್ನು ಓದಿ ಮುಗಿಸಿದರು. ಎದ್ದು ಹೋಗಿ ಒಣಗಿದ್ದ ಗೋಣಿಚೀಲಗಳಿಗೆ ನೀರು ಚಿಮುಕಿಸಿ ಬಂದರು.

ಹೀಗೆ ಅವಧಿಯ ಕೊನೆ ನಮ್ಮ ಗಡುವಾಯಿತು.

ಬಾಗಿಲು ತೆರೆದದ್ದು ಒಂದು ತಮಾಷೆಯಿಂದ. ಎಂ.ಎಸ್ಸಿ.ಯಲ್ಲಿ ನನ್ನ ಸಹಪಾಠಿಯಾಗಿದ್ದ ಗೆಳೆಯನೊಬ್ಬ ಮತ್ತಿಕೆರೆಯ ಲಾಡ್ಜೊಂದರಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಪುಸ್ತಕ ಬೇಜಾರಾದಾಗಲೆಲ್ಲ ಬೆಟ್ಟ ಹತ್ತುವುದು ಅವನ ಚಾಳಿ. ಒಂದು ಸೋಮವಾರ ಬೆಳಿಗ್ಗೆ, ಹಿಂದಿನ ದಿನದ ಬೆಟ್ಟದ ಫೋಟೋ ತೋರಿಸಲು ಬಂದವನು ಕೋಣೆಯ ಕಲ್ಲಿನ ಕಟ್ಟೆಯ ಮೇಲೆ ಕುಳಿತು ಫೋನ್ ತೆಗೆದ. ಅವನ ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಚಿಕ್ಕ ಸಂವೇದಕವಿದೆ. ಎಷ್ಟು ಎತ್ತರ ಹತ್ತಿದೆ ಎಂದು ಅದರಿಂದಲೇ ನೋಡಿಕೊಳ್ಳುತ್ತಾನೆ. ಫೋಟೋ ಹುಡುಕುತ್ತಲೇ ನನ್ನ ಗಣಕದ ಪರದೆಯತ್ತ ನೋಡಿದ.

"ಗುರು, ನಿಂದು ಏನಿದು, ಸಾವಿರದ ಹನ್ನೆರಡು?"

"ಗಾಳಿ ಒತ್ತಡ. ಹೆಕ್ಟೊಪಾಸ್ಕಲ್‌ನಲ್ಲಿ."

"ನನ್ನ ಫೋನ್ ಒಂಬೈನೂರ ಹನ್ನೊಂದು ಅಂತಿದೆ. ನಾನೂ ಇದೇ ರೂಮಲ್ಲೇ ಕೂತಿದೀನಲ್ಲ?"

"ನಿನ್ನ ಫೋನ್ ಬೆಟ್ಟದಿಂದ ಇನ್ನೂ ಇಳಿದಿಲ್ಲ ಬಿಡೋ."

"ನನ್ನ ಫೋನ್ ಬಸವನಗುಡೀಲಿದೆ. ನಿನ್ನ ಮಷಿನ್ ಎಲ್ಲಿದೆ, ಮಂಗಳೂರು ಬೀಚಲ್ಲಾ?"

ಅವನು ನಕ್ಕ. ನಾನೂ ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಬೆಂಗಳೂರು ಸಮುದ್ರ ಮಟ್ಟದಿಂದ ಒಂಬೈನೂರು ಮೀಟರಿಗಿಂತ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ನಿಜವಾದ ಒತ್ತಡ ಒಂಬೈನೂರ ಹತ್ತರ ಆಸುಪಾಸಿನಲ್ಲೇ ಇರಬೇಕು. ಸಾವಿರದ ಹನ್ನೆರಡು ಸಮುದ್ರ ತೀರದ ಅಂಕಿ. ಆದರೆ ಶಾಲೆಯಿಂದಲೂ ಪಠ್ಯಪುಸ್ತಕಗಳಲ್ಲಿ ಕಂಡದ್ದು ಸಾವಿರದ ಹದಿಮೂರೇ ಆದ್ದರಿಂದ ಅದು ಆರೋಗ್ಯವಂತ ಅಂಕಿಯಂತೆ ಕಂಡಿತ್ತು. ಪ್ರಸ್ಥಭೂಮಿಯ ಮೇಲೆ ಬದುಕುವ ನಾವು ಪ್ರಸ್ಥಭೂಮಿಯನ್ನೇ ಮರೆತಿರುತ್ತೇವೆ. ಅಲ್ಲದೆ ನಮ್ಮ ತಿದ್ದುಪಡಿಯ ಕ್ರಮದಲ್ಲಿ ಒತ್ತಡವನ್ನು ನೇರವಾಗಿ ಬಳಸುವುದಿಲ್ಲ. ಸರಾಸರಿಯಿಂದ ಅದು ಎಷ್ಟು ಸರಿದಿದೆ ಎಂಬುದನ್ನು ಮಾತ್ರ ಬಳಸುತ್ತೇವೆ. ಸರಾಸರಿಯನ್ನು ಕಳೆದ ಕೂಡಲೇ ಒಂಬೈನೂರೂ ಸಾವಿರವೂ ಒಂದೇ ಆಗುತ್ತವೆ. ತಪ್ಪು ಅಡಗಿ ಕೂರಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇಬ್ಬರೂ ಪ್ರವೇಶ ಮಂಟಪಕ್ಕೆ ಓಡಿದೆವು. ಪರದೆಯಲ್ಲಿ ಅದೇ ಸಾವಿರದ ಹನ್ನೆರಡು. ಪಕ್ಕದಲ್ಲಿ ಹಿಡಿದ ಫೋನಿನಲ್ಲಿ ಒಂಬೈನೂರ ಹನ್ನೆರಡು. ಮೂರು ಮಹಡಿ ಇಳಿದದ್ದಕ್ಕೆ ಒಂದೇ ಒಂದು ಏರಿತ್ತು. ಆ ಒಂದು ಅಂಕ ಏರಿದ್ದನ್ನು ಕಂಡು ನನಗೆ ಕುಣಿಯುವಂತಾಯಿತು. ಫೋನು ಮೆಟ್ಟಿಲುಗಳನ್ನೂ ಅಳೆಯುತ್ತಿತ್ತು!

ಕಟ್ಟಡ ನಿರ್ವಹಣಾ ಕಚೇರಿಯ ಮೇಲ್ವಿಚಾರಕರು ಅಲ್ಲೇ ಇದ್ದರು. ಕೇಳಿದ್ದಕ್ಕೆ ಅವರು ಸಂತೋಷದಿಂದಲೇ ಉತ್ತರಿಸಿದರು.

"ಅಯ್ಯೋ ಅದಾ? ಮೊದಲು ಅದು ತಪ್ಪು ತೋರಿಸ್ತಿತ್ತಮ್ಮ. ನಾವೇ ಸರಿ ಮಾಡಿಸಿದ್ವಿ."

"ಯಾವಾಗ ಸಾರ್? ಯಾಕೆ?"

"ಸಂಸ್ಥೆಗೆ ದರ್ಜೆ ಕೊಡೋಕೆ ಟೀಮ್ ಬಂತಲ್ಲ, ಮಳೆಗಾಲದ ಹೊತ್ತಲ್ಲಿ, ಅದಕ್ಕೆ ಮೊದಲು. ಮೇಲಿನವರು ರೌಂಡ್ಸ್ ಬಂದಾಗ ಮೊಬೈಲ್‌ನಲ್ಲಿ ಹವಾಮಾನ ನೋಡಿದ್ರು. ಅದರಲ್ಲಿ ಸಾವಿರದ ಚಿಲ್ಲರೆ, ಇಲ್ಲಿ ಒಂಬೈನೂರ ಚಿಲ್ಲರೆ. ಬಂದವರು ನೋಡಿದ್ರೆ ಏನಂದ್ಕೋತಾರೆ, ಇಷ್ಟು ದೊಡ್ಡ ಸಂಸ್ಥೇಲಿ ಒಂದು ಮೀಟರ್ ಸರಿ ಇಲ್ವಾ ಅಂತ ಬೈದ್ರು. ಮೆಕ್ಯಾನಿಕ್ ಬಂದು ಸೆಟ್ಟಿಂಗಲ್ಲಿ ಏನೋ ಒತ್ತಿದ, ಮೊಬೈಲ್‌ಗೆ ಮ್ಯಾಚ್ ಆಗೋಯ್ತು. ಯಾಕಮ್ಮಾ, ಮತ್ತೆ ಕೆಟ್ಟೋಗಿದ್ಯಾ?"

ಏನು ನಡೆದಿತ್ತು ಎಂಬುದು ಆ ಒಂದು ಮಾತಿನಲ್ಲೇ ಇತ್ತು. ಬೇರೆ ಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಲೆಂದು ಹವಾಮಾನದವರು ಎಲ್ಲ ಊರುಗಳ ಒತ್ತಡವನ್ನೂ ಸಮುದ್ರ ಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವುದು ಅದನ್ನು. ಅದು ತಪ್ಪಲ್ಲ, ಬೇರೆ ಕೆಲಸದ ಅಂಕಿ ಅಷ್ಟೆ. ಆದರೆ ಬೆಂಗಳೂರಿನಿಂದ ಸಮುದ್ರದವರೆಗೆ ಗಾಳಿಯ ಒಂದು ಕಾಲ್ಪನಿಕ ಕಂಬ ನಿಲ್ಲಿಸಿ ಅದರ ಭಾರ ಕೂಡಿಸಬೇಕಾಗುತ್ತದೆ, ಮತ್ತು ಆ ಭಾರ ಇಲ್ಲಿನ ಉಷ್ಣತೆಯನ್ನು ಅವಲಂಬಿಸಿರುತ್ತದೆ. ಹೊರಗೆ ಬಿಸಿಲೇರಿದಂತೆ ಕಂಬ ಹಗುರಾಗುತ್ತದೆ. ನಿಜವಾದ ಒತ್ತಡ ಮೂರು ಇಳಿದರೆ ಪರದೆಯಲ್ಲಿ ಆರು ಇಳಿದಂತೆ ಕಾಣುತ್ತದೆ. ಹಾಗಾಗಿ ಪ್ರತಿ ಮಧ್ಯಾಹ್ನ ನಮ್ಮ ತಿದ್ದುಪಡಿ ಬೇಕಾದ್ದಕ್ಕಿಂತ ಹೆಚ್ಚು ಕಳೆಯುತ್ತಿತ್ತು. ಕೋಣೆ ತಣ್ಣಗಿದ್ದರೂ ಕುಸಿತ ನಿಲ್ಲದಿದ್ದುದು ಏಕೆಂದು ಈಗ ತಿಳಿಯಿತು: ಅದು ಕೋಣೆಯ ಬಿಸಿಯನ್ನು ಹಿಂಬಾಲಿಸುತ್ತಿರಲಿಲ್ಲ, ಮಂಟಪದ ಹೊರಗೆ ಬಿಸಿಲಲ್ಲಿ ನಿಂತ ಕೇಂದ್ರದ ಉಷ್ಣಮಾಪಕವನ್ನು ಹಿಂಬಾಲಿಸುತ್ತಿತ್ತು. ಅವರ ತಿದ್ದುಪಡಿ ನಮ್ಮ ತಿದ್ದುಪಡಿಯೊಳಗೆ ನುಗ್ಗಿತ್ತು.

ಮೇಲ್ವಿಚಾರಕರಿಗೆ ನಾನು ಕೃತಜ್ಞಳು. ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಈ ಇಡೀ ಪ್ರಕರಣದಲ್ಲಿ ಕೇಳಿದ ಕೂಡಲೇ ನಿಜ ಹೇಳಿದ ಏಕೈಕ ಕಚೇರಿ ಅವರದು. ಆದೇಶ ಪಾಲಿಸಿದವರನ್ನು ಮುಂದೆ ತಳ್ಳಿ ಆದೇಶ ಕೊಟ್ಟವರು ಪಾರಾಗುವುದನ್ನು ನಾನು ಒಪ್ಪುವುದಿಲ್ಲ.

ಆ ದಿನ ನಾನು ಉರಿದುಹೋದೆ. ಫೋನಿನ ಚಿತ್ರವನ್ನೂ ಪರದೆಯ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಊರಿಗೆಲ್ಲ ಕಾಣುವಂತೆ ಹಾಕುತ್ತೇನೆ ಎಂದೆ. ಮೇಡಂ ಕನ್ನಡಕ ತೆಗೆದು ಒರೆಸಿದರು.

"ಒಂದು ಫೋನ್ ನೋಡ್ಕೊಂಡು ಜಗಳಕ್ಕೆ ಹೋಗ್ತೀಯಾ? ಅವರೂ ಒಂದು ಫೋನ್ ನೋಡ್ಕೊಂಡೇ ಮೀಟರ್ ಸರಿ ಮಾಡಿದ್ದು."

ಚಿತ್ರಗಳನ್ನು ಬದಿಗಿಟ್ಟೆ. ಆದರೂ ಇನ್ನೊಂದು ದಾರಿ ಸೂಚಿಸಿದೆ. ಕಾಲ್ಪನಿಕ ಕಂಬದ ಲೆಕ್ಕ ನಮಗೆ ಗೊತ್ತು; ಹಿಂದುಮುಂದಾಗಿ ಲೆಕ್ಕ ಹಾಕಿ ನಿಜವಾದ ಒತ್ತಡವನ್ನು ಮರಳಿ ಪಡೆದುಬಿಡೋಣ, ಒಂದು ಸಂಜೆಯ ಕೆಲಸ. ಮೇಡಂ ಒಪ್ಪಲಿಲ್ಲ.

"ಆ ಪೆಟ್ಟಿಗೆ ಒಳಗೆ ಯಾವ ಸೂತ್ರ ಕೂತಿದೆ ಅಂತ ನಮಗೆ ಗೊತ್ತಿಲ್ಲ. ಅವರು ತಿದ್ದಿದ್ದನ್ನ ನಾವು ಊಹೆ ಮೇಲೆ ಮತ್ತೆ ತಿದ್ದೋದು ಬೇಡ. ಹೊಸದಾಗಿ ಅಳೆ."

"ಮೇಡಂ, ಅವಧಿ ಮುಗಿಯೋಕೆ ಉಳಿದಿರೋದೇ ಕೆಲವು ವಾರ. ಅಳೆದು ಮುಗಿಯೋದ್ರೊಳಗೆ ರೂಮ್ ಖಾಲಿ ಮಾಡಿಸ್ಬಿಟ್ರೆ?"

"ಮಾಡಿಸ್ಲಿ. ಕಳಚೋ ದಿನದವರೆಗೂ ಅದು ಎಣಿಸ್ತಿರತ್ತೆ."

ಇದೇ ಆ ಬೇಸಿಗೆಯ ನಿರ್ಧಾರ. ಅದನ್ನು ತೆಗೆದುಕೊಂಡವರು ಯಂತ್ರವನ್ನು ಕಳೆದುಕೊಳ್ಳಲಿದ್ದವರೇ. ಇಂಥವರ ಬಳಿ ಕಲಿಯುವ ಅವಕಾಶ ಸಿಕ್ಕಿದ್ದಕ್ಕೆ ನಾನು ಯಾರಿಗೆ ವಂದಿಸಬೇಕೋ ತಿಳಿಯದು.

ಹೊಸದಾಗಿ ಅಳೆಯಲು ಸಂವೇದಕ ಬೇಕು, ಕೊಳ್ಳುವ ಕೋರಿಕೆ ಅದೇ ಮೇಜಿನ ಮೇಲೆ ಮಲಗುತ್ತದೆ. ಗೆಳೆಯ ತನ್ನ ಫೋನಿನಿಂದ ಸಿಮ್ ತೆಗೆದು ಫೋನನ್ನೇ ಕಟ್ಟೆಯ ಮೇಲಿಟ್ಟ. ತಾನೊಂದು ಹಳೆಯ ಗುಂಡಿ ಫೋನು ಹಿಡಿದುಕೊಂಡ. ಅವನ ಲಾಡ್ಜಿನ ಇನ್ನಿಬ್ಬರು ಹುಡುಗರೂ ಅಂಥದೇ ಸಂವೇದಕವಿರುವ ಫೋನುಗಳನ್ನು ಬಿಟ್ಟುಕೊಟ್ಟರು. ಈ ಕಾಲದಲ್ಲಿ ಒಬ್ಬ ಮನುಷ್ಯ ವಾರಗಟ್ಟಲೆ ಫೋನ್ ಬಿಟ್ಟಿರುವುದು ಎಂಥ ಉಪಕಾರವೆಂದು ವಿವರಿಸಬೇಕಿಲ್ಲ. ಗೆಳೆಯ ಮಾತ್ರ ವಿವರಿಸುತ್ತಲೇ ಇದ್ದ.

"ಗುರು, ಇವತ್ತು ಮೆಜೆಸ್ಟಿಕ್‌ನಲ್ಲಿ ಇಡ್ಲಿ ತಿಂದ್ಬಿಟ್ಟು ಸ್ಕ್ಯಾನ್ ಮಾಡೋಕೆ ಹೋದ್ರೆ ಕೈಲಿ ಡಬ್ಬಾ ಫೋನು. ಜೇಬಲ್ಲಿ ಚಿಲ್ಲರೆ ಇಲ್ಲ. ಹೋಟೆಲ್ನೋರು ನನ್ನನ್ನೇ ಸ್ಕ್ಯಾನ್ ಮಾಡಿದ್ರು."

"ಬೇಕಾದ್ರೆ ವಾಪಸ್ ತಗೊಂಡ್ಬಿಡೋ."

"ಬೇಡ ಬೇಡ. ಆ ಮಷಿನ್‌ನ ಸಮುದ್ರದಿಂದ ಎತ್ತೋವರೆಗೂ ನಾನೂ ಬೆಟ್ಟ ಹತ್ತಲ್ಲ."

ಫೋನುಗಳನ್ನು ಹಾಗೇ ನಂಬುವಂತಿರಲಿಲ್ಲ. ಮೂರೂ ಒಂದಕ್ಕೊಂದು ಒಂದೊಂದು ಅಂಕ ಬೇರೆ ತೋರಿಸುತ್ತಿದ್ದವು. ಆದರೆ ಮೂರನ್ನೂ ಒಂದು ತಟ್ಟೆಯಲ್ಲಿಟ್ಟು ಮೆಟ್ಟಿಲುಗಳನ್ನು ಇಳಿದರೆ ಮೂರೂ ಒಂದೇ ಸಮನೆ ಏರುತ್ತಿದ್ದವು, ಹತ್ತಿದರೆ ಒಂದೇ ಸಮನೆ ಇಳಿಯುತ್ತಿದ್ದವು. ನಮಗೆ ಬೇಕಾದದ್ದು ಬದಲಾವಣೆ ಮಾತ್ರ. ಆ ವಾರ ನಾನು ತಟ್ಟೆ ಹಿಡಿದು ಹತ್ತಿಳಿದದ್ದನ್ನು ಕಂಡವರು ಪ್ರಸಾದ ಹಂಚುತ್ತಿದ್ದೇನೆಂದುಕೊಂಡರು. ಇನ್ನೊಂದು ತೊಡಕು ಚಾರ್ಜರಿನದು: ಚಾರ್ಜ್ ಆಗುವಾಗ ಫೋನು ಬಿಸಿಯೇರಿ ಅಂಕಿ ಸರಿಯುತ್ತಿತ್ತು. ಹಾಗಾಗಿ ಸರದಿ ಮಾಡಿದೆವು. ಒಂದು ಚಾರ್ಜ್ ಆಗುವಾಗ ಉಳಿದೆರಡು ಕಲ್ಲಿನ ಕಟ್ಟೆಯ ಮೇಲೆ ತಣ್ಣಗೆ ಅಳೆಯುತ್ತಿದ್ದವು. ಒಂದರ ಪರದೆಯ ಮೇಲೆ ಯಾರದೋ ಹುಟ್ಟುಹಬ್ಬದ ನೆನಪು ಬಂದು ಹೋಗುತ್ತಿತ್ತು, ಇನ್ನೊಂದರ ಮೇಲೆ ಪರೀಕ್ಷೆಯ ಅರ್ಜಿಯದು. ಯಾರದೋ ಬದುಕನ್ನು ಎರವಲು ಪಡೆದು ಗಾಳಿಯನ್ನು ಅಳೆಯುತ್ತಿದ್ದೇವೆ ಎನಿಸುತ್ತಿತ್ತು.

ಬಿಸಿಲಿನ ದಿನಗಳು ಮೊದಲು ಸಾಕ್ಷಿ ಹೇಳಿದವು. ಫೋನುಗಳ ಒತ್ತಡದಿಂದ ತಿದ್ದಿದ ಗೆರೆಯಲ್ಲಿ ಮಧ್ಯಾಹ್ನದ ಕುಸಿತ ಇರಲೇ ಇಲ್ಲ. ಮೊದಲ ಸಲ ಆ ನೇರ ಗೆರೆಯನ್ನು ಕಂಡಾಗ ಲೆಕ್ಕದಲ್ಲಿ ಏನೋ ಬಿಟ್ಟೆನೆಂದು ಇನ್ನೊಮ್ಮೆ ಮಾಡಿದೆ. ಮತ್ತೆಯೂ ನೇರ. ಆದರೆ ಮೇಡಂ ಇಷ್ಟಕ್ಕೆ ಬಿಡುವವರಲ್ಲ. ಬಿಸಿಲಲ್ಲಿ ಸರಿ, ತಂಪಿನಲ್ಲಿ?

ತಂಪು ತಾನಾಗಿ ಬಂತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನಮ್ಮ ಊರಿನ ಮೇಲೆ ಮೋಡ ಕವಿಯಿತು. ಹಗಲೆಲ್ಲ ತುಂತುರು, ಸ್ವೆಟರ್ ಹುಡುಕುವಂಥ ಚಳಿ. ಫೋನುಗಳಲ್ಲಿ ಒತ್ತಡ ಚೆನ್ನಾಗಿ ಇಳಿಯಿತು. ಮಂಟಪದ ಪರದೆಯಲ್ಲಿ ಅದರ ಅರ್ಧದಷ್ಟೇ. ತಂಪಿಗೆ ಆ ಕಾಲ್ಪನಿಕ ಕಂಬ ಭಾರವಾಗಿ ಇಳಿತವನ್ನು ಮುಚ್ಚಿಹಾಕಿತ್ತು. ಮ್ಯೂಯಾನ್‌ಗಳು ಯಾರ ಮಾತು ಕೇಳಿದವು? ಫೋನುಗಳದ್ದು. ಎಣಿಕೆ ಏರಿತು, ಫೋನುಗಳು ಹೇಳಿದಷ್ಟೇ ಏರಿತು. ಪರದೆಯ ಅಂಕಿಯಿಂದ ತಿದ್ದಿದರೆ ಈ ಸಲ ಗೆರೆ ಕುಸಿಯುವ ಬದಲು ಉಬ್ಬಿತು. ಫೋನುಗಳಿಂದ ತಿದ್ದಿದರೆ ಬಿಸಿಲಿನ ದಿನವೂ ಮಳೆಯ ದಿನವೂ ಒಂದೇ ನೇರ ಗೆರೆ. ಯಂತ್ರಕ್ಕೆ ನಿಜಕ್ಕೂ ತಾಪದ ದೋಷವಿದ್ದಿದ್ದರೆ ಯಾವ ಒತ್ತಡದಿಂದ ತಿದ್ದಿದರೂ ಅದು ಗೆರೆಯಲ್ಲಿ ಉಳಿಯಬೇಕಿತ್ತು. ಉಳಿಯಲಿಲ್ಲ. ಮೇಡಂ ಗೆರೆಯ ಮೇಲೆ ಬೆರಳಾಡಿಸಿ, "ಪಾಪ, ಇದನ್ನ ಎಷ್ಟು ಬೈದ್ವಿ," ಎಂದರು. ಯಂತ್ರಕ್ಕೆ ಹೇಳಿದ್ದು. ಆಮೇಲೆ ನಮ್ಮೆಲ್ಲರಿಗೂ ಗಾಂಧಿ ಬಜಾರಿನಲ್ಲಿ ದೋಸೆ ಕೊಡಿಸಿದರು. ಗೆಳೆಯನ ಕೈಗೆ ಫೋನ್ ಮರಳಿ ಕೊಟ್ಟಾಗ ಅವನು ಅದನ್ನು ಕಣ್ಣಿಗೊತ್ತಿಕೊಂಡ.

ಅವಧಿ ಮುಗಿಯುವ ಮೊದಲು ಸಮಿತಿಯ ಮುಂದೆ ನಮಗೆ ಸ್ವಲ್ಪ ಹೊತ್ತು ಸಿಕ್ಕಿತು. ಎರಡು ಗೆರೆಗಳನ್ನು ಪಕ್ಕಪಕ್ಕ ತೋರಿಸಿದೆವು. ಅಧ್ಯಕ್ಷರು ಗಮನವಿಟ್ಟು ಕೇಳಿದರು, ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದರು. ಕೊನೆಗೆ ಕುರ್ಚಿಗೊರಗಿದರು.

"ಅರ್ಥ ಆಯ್ತು. ತುಂಬಾ ಚೆನ್ನಾಗಿ ಮಾಡಿದೀರಿ. ಸದ್ಯಕ್ಕೆ ಯಂತ್ರ ಕಳಚೋದು ಬೇಡ ಬಿಡಿ."

"ವರದಿ ಸಾರ್?" ಎಂದೆ.

"ವರದಿ ಮೇಲಕ್ಕೆ ಹೋಗ್ಬಿಟ್ಟಿದೆ. ಹೋಗಿರೋದನ್ನ ವಾಪಸ್ ತರೋ ಪದ್ಧತಿ ಇಲ್ಲ."

"ತಪ್ಪು ಅಂತ ಗೊತ್ತಾದ ಮೇಲೂ?"

"ನೋಡಿ, ಯಂತ್ರ ಉಳೀತಲ್ಲ. ಇನ್ನೇನು ಬೇಕು ನಿಮಗೆ?"

ನನಗೆ ಏನು ಬೇಕೆಂಬುದನ್ನು ಅಂದು ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

'ಸದ್ಯಕ್ಕೆ' ಎಂಬುದು ಬಾಯಿಮಾತು. 'ವಿಶ್ವಾಸಾರ್ಹವಲ್ಲ' ಎಂಬುದು ಲಿಖಿತ. ಮೇಡಂ ನಿವೃತ್ತರಾದ ಮರುದಿನ ಯಾರಾದರೂ ಕಡತ ತೆರೆದರೆ ಅವರಿಗೆ ಕಾಣುವುದು ಲಿಖಿತವಾದದ್ದೇ. ಆಗ ಯಂತ್ರವೂ ಹೋಗುತ್ತದೆ, ಅದನ್ನು ಕೈಯಾರೆ ಕಟ್ಟಿದವರ ವೃತ್ತಿಜೀವನದ ಕೊನೆಯ ಸಾಲಾಗಿ ಒಂದು ಸುಳ್ಳು ಉಳಿಯುತ್ತದೆ. ಮೂರು ಜನ ಹುಡುಗರು ಫೋನ್ ಬಿಟ್ಟು ಓಡಾಡಿದ್ದು, ಅಪ್ಪ ಒಳ್ಳೆಯ ಚೀಲಗಳನ್ನೇ ಆರಿಸಿ ಕೊಟ್ಟಿದ್ದು ಇದಕ್ಕಾಗಿ ಅಲ್ಲ.

ಆದ್ದರಿಂದ ಸಂಸ್ಥೆಯ ಆಡಳಿತವನ್ನೂ ಪರಿಶೀಲನಾ ಸಮಿತಿಯನ್ನೂ ನಾನು ವಿಧ್ಯುಕ್ತವಾಗಿ ಕೋರುವುದೇನೆಂದರೆ: ಉಪಕರಣವು ದೋಷಪೂರಿತವೆಂಬ ವರದಿಯನ್ನು ಲಿಖಿತವಾಗಿ ಹಿಂಪಡೆದು, ಅದು ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲೆಲ್ಲ ಹಿಂಪಡೆದ ಆದೇಶವನ್ನೂ ತಲುಪಿಸಬೇಕು. ಹಿಂಪಡೆಯುವ ಪದ್ಧತಿ ಇಲ್ಲವಾದರೆ ಈ ಪ್ರಕರಣದಿಂದಲೇ ಅದನ್ನು ಆರಂಭಿಸಬೇಕು. ಹವಾಮಾನ ಕೇಂದ್ರವನ್ನು ಮತ್ತೆ ಸ್ಥಳದ ಒತ್ತಡ ತೋರಿಸುವಂತೆ ಹೊಂದಿಸಿ, ನಡುವಿನ ಅವಧಿಯ ಅಂಕಿಗಳ ಮೇಲೆ ಅವು ಸಮುದ್ರ ಮಟ್ಟಕ್ಕೆ ಇಳಿಸಿದವು ಎಂದು ಗುರುತು ಹಾಕಬೇಕು. ಅವನ್ನು ಬಳಸಿದ ಬೇರೆ ವಿದ್ಯಾರ್ಥಿಗಳೂ ಇರಬಹುದು, ಅವರಿಗೆ ತಿಳಿಯುವ ಹಕ್ಕಿದೆ. ಕಿತ್ತುಹಾಕಿದ ಸಂವೇದಕದ ಬದಲಿಗೆ ಹೊಸದನ್ನು ತಾರಸಿಯ ಮೇಲೆ ನಿಲ್ಲಿಸಬೇಕು. ಮುಂದೆ ಯಾವುದೇ ಅಳತೆಯ ಉಪಕರಣದ ಹೊಂದಾಣಿಕೆ ಬದಲಿಸುವ ಮೊದಲು ಅದನ್ನು ಬಳಸುವವರನ್ನು ಕೇಳತಕ್ಕದ್ದು ಎಂಬ ನಿಯಮವನ್ನು ಸಹಿ ಹಾಕಿ ಹೊರಡಿಸಬೇಕು. ಇಷ್ಟೂ ಕೋರಿಕೆಗಳಿಗೆ ಲಿಖಿತ ಉತ್ತರವನ್ನು, ನನ್ನ ಮಾರ್ಗದರ್ಶಕಿ ನಿವೃತ್ತರಾಗುವ ಮೊದಲೇ, ಅವರ ಹೆಸರಿಗೇ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಉತ್ತರ ಬರೆಯುವವರು ಬರೆಯುವ ಮೊದಲು ದಯವಿಟ್ಟು ಒಂದು ಕೆಲಸ ಮಾಡಬೇಕು. ಪ್ರವೇಶ ಮಂಟಪದಿಂದ ಮೂರು ಮಹಡಿ ಹತ್ತಿ ನಮ್ಮ ಕೋಣೆಗೆ ಬರಬೇಕು. ಕಿಟಕಿಗೆ ಗೋಣಿಚೀಲಗಳು ಇನ್ನೂ ಇವೆ, ಯಂತ್ರ ಎಣಿಸುತ್ತಲೇ ಇದೆ. ಇಂದು ಬೆಳಿಗ್ಗೆಯೂ ಮಂಟಪದ ಪರದೆಯಲ್ಲಿ ಸಾವಿರದ ಹನ್ನೆರಡೇ ಇತ್ತು.